ಹದಿನಾರು ಗಂಟಿನ ಹಗ್ಗ

ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ನಾನು ಗಣಿತದ ಟೀಚರಾಗಿ ಸೇರಿದ ಮೊದಲ ವರ್ಷವೇ ಜಗಳ ಮಾಡಿದೆ. ಅರವತ್ತರ ದಶಕದ ಕೊನೆಯ ಮಾತು. ಹೆಡ್‌ಮಿಸ್ಟ್ರೆಸ್ ರೂಮಿನಲ್ಲಿ ಟೀಚರುಗಳ ಮೀಟಿಂಗ್ ನಡೆದಿತ್ತು. ಬೀಜಗಣಿತ, ರೇಖಾಗಣಿತ ಎಲ್ಲ ಸೇರಿದ ಕಷ್ಟದ ಗಣಿತಕ್ಕೆ ಆಗ ಐಚ್ಛಿಕ ಗಣಿತ ಎನ್ನುತ್ತಿದ್ದೆವು. ಅದನ್ನು ಎಲ್ಲ ಹುಡುಗಿಯರಿಗೂ ಕಲಿಸಬೇಕೇ, ಆಸೆಪಟ್ಟು ಬಂದ ಐದಾರು ಜನಕ್ಕೆ ಕಲಿಸಿದರೆ ಸಾಕೇ ಎಂಬುದು ಅಂದಿನ ಪ್ರಶ್ನೆ.

ಒಬ್ಬ ಹಿರಿಯ ಟೀಚರ್, ಒಳ್ಳೆಯವರೇ, ದಿನಾ ನನ್ನ ಡಬ್ಬಿಗೆ ತಮ್ಮ ಮನೆಯ ಉಪ್ಪಿನಕಾಯಿ ಹಾಕುತ್ತಿದ್ದವರು, "ಅಡುಗೆಮನೇಲಿ ಯಾವ ತ್ರಿಕೋನ ಬೇಯಿಸ್ತಾರಮ್ಮ?" ಅಂದರು. ಎಲ್ಲರೂ ನಕ್ಕರು. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಎದ್ದು ನಿಂತು ಒಂದೇ ಒಂದು ಪ್ರಶ್ನೆ ಕೇಳಿದೆ. ನಗು ನಿಂತಿತು. ಆ ಪ್ರಶ್ನೆಯನ್ನು ಕೇಳಿದ್ದಕ್ಕೆ ನನ್ನನ್ನು ಇವತ್ತಿಗೂ ಕೆಲವರು ಹೊಗಳುತ್ತಾರೆ, ನಾನು ಬೇಡವೆನ್ನದೆ ಹೊಗಳಿಸಿಕೊಂಡಿದ್ದೇನೆ. ಆದರೆ ಅದು ನನ್ನದಲ್ಲ, ನಮ್ಮಪ್ಪನದು. ಅವನ ಪಾಲನ್ನು ಅವನಿಗೆ ಕೊಟ್ಟುಬಿಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಸುದ್ದಗುಂಟೆಪಾಳ್ಯ. ಈಗ ಅದನ್ನು ಊರೆಂದರೆ ಮೊಮ್ಮಕ್ಕಳು ನಗುತ್ತಾರೆ, ಆಗ ಅದು ಊರೇ. ಸುತ್ತ ರಾಗಿ, ಅವರೆ, ಒಂದಿಷ್ಟು ಸೊಪ್ಪಿನ ಮಡಿ. ಅಪ್ಪ ರೈತ. ಜೊತೆಗೆ ಊರಿನಲ್ಲಿ ಹೊಲ ಅಳೆಯುವವನು. ಅಣ್ಣತಮ್ಮಂದಿರು ಪಾಲಾಗುವಾಗ, ಬದು ಕೊಚ್ಚಿ ಹೋಗಿ ಜಗಳ ಬಂದಾಗ, ಅಪ್ಪನನ್ನು ಕರೆಯುತ್ತಿದ್ದರು. ಸಂಬಳ ಗಿಂಬಳ ಏನಿಲ್ಲ. ಒಂದು ತೆಂಗಿನಕಾಯಿ, ಎಲೆ ಅಡಿಕೆ, ಆ ಮನೆಯಲ್ಲಿ ಮಧ್ಯಾಹ್ನದ ಊಟ. ಅವನು ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟರೆ ಅವ್ವ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಬೇರೆ ದಿನ ಎಷ್ಟು ಕರೆದರೂ ಬಾರದವಳು ಅವತ್ತು ಮಾತ್ರ ಬರುತ್ತಿದ್ದಳು.

ಆ ಹಗ್ಗ ಕತ್ತಾಳೆ ನಾರಿನದು. ಸರ್ವೆಯವರ ಸರಪಳಿಯಷ್ಟೇ ಉದ್ದ, ಮೂವತ್ತಮೂರು ಅಡಿ. ಸಮ ದೂರದಲ್ಲಿ ಗಂಟು ಹಾಕಿ ಹದಿನಾರು ಭಾಗ ಮಾಡಿದ್ದ. ಉದ್ದ ಒಂದು ಹಗ್ಗ, ಅಗಲ ಒಂದು ಹಗ್ಗ ಇದ್ದರೆ ಒಂದು ಗುಂಟೆ. ಊರಮ್ಮನ ಗುಡಿ ಮುಂದೆ ಎರಡು ಕಲ್ಲಿನ ಮೇಲೆ ಗುರುತು ಕೊರೆದಿತ್ತು. ಪ್ರತಿ ಸಲವೂ ಅಳೆಯುವ ಮೊದಲು ಅಪ್ಪ ಹಗ್ಗವನ್ನು ಆ ಎರಡು ಗುರುತುಗಳಿಗೆ ಎಳೆದು ಹಿಡಿದು, ನಾಲ್ಕು ಜನರಿಗೆ ತೋರಿಸಿ, ಆಮೇಲೆ ಹೊಲಕ್ಕೆ ಇಳಿಯುತ್ತಿದ್ದ. ಮಳೆಗೆ ನೆನೆದರೆ ಹಗ್ಗ ಕುಗ್ಗುತ್ತದೆಂದು ಅಟ್ಟದ ಮೇಲೆ ಇಡುತ್ತಿದ್ದ. ಒಮ್ಮೆ ನಾನು ಅದರಲ್ಲಿ ಉಯ್ಯಾಲೆ ಕಟ್ಟಿ ಬೆನ್ನಿನ ಮೇಲೆ ಬಾರಿಸಿಕೊಂಡಿದ್ದೇನೆ.

ಅವನ ಲೆಕ್ಕ ಸುಲಭ. ಹೊಲಕ್ಕೆ ನಾಲ್ಕು ಬದು. ಎದುರುಬದುರು ಇರುವ ಎರಡನ್ನು ಕೂಡಿಸಿ ಅರ್ಧ ಮಾಡು. ಉಳಿದ ಎರಡನ್ನೂ ಹಾಗೇ ಅರ್ಧ ಮಾಡು. ಆ ಅರ್ಧವನ್ನು ಈ ಅರ್ಧದಿಂದ ಗುಣಿಸು. ಬಂದದ್ದು ಗುಂಟೆ. ಅವನ ಅಪ್ಪನೂ, ತಾತನೂ ಹಾಗೆಯೇ ಅಳೆದಿದ್ದರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅಪ್ಪ ಇದನ್ನೆಲ್ಲ ಬಾಯಲ್ಲೇ ಮಾಡುತ್ತಿದ್ದ. ನಾನು ಸ್ಲೇಟು ಹುಡುಕುವಷ್ಟರಲ್ಲಿ ಉತ್ತರ ಹೇಳಿರುತ್ತಿದ್ದ.

ನಾನು ಹೈಸ್ಕೂಲಿಗೆ ಸೇರಿದ್ದು ಐವತ್ತರ ದಶಕದ ಕೊನೆಯಲ್ಲಿ. ಆಮೇಲೆ ನಾನೇ ಟೀಚರಾಗಿ ಹೋದೆನೆಂದು ಹೇಳಿದೆನಲ್ಲ, ಅದೇ ಶಾಲೆ. ಊರಿನಿಂದ ಹೊಲಗಳ ನಡುವೆ ನಡೆದು ಹೋದರೆ ಜಯನಗರದ ಹೊಸ ರಸ್ತೆಗಳು ಸಿಗುತ್ತಿದ್ದವು. ರಸ್ತೆ ಇತ್ತು, ಮೈಲಿಗಲ್ಲಿನಂಥ ಸೈಟಿನ ಕಲ್ಲುಗಳಿದ್ದವು, ಮನೆಗಳು ಅಲ್ಲೊಂದು ಇಲ್ಲೊಂದು. ಮಧ್ಯಾಹ್ನ ಟಾರು ಕಾದಿರುತ್ತಿತ್ತು, ಬರಿಗಾಲಿನವಳು ನಾನು ಪಕ್ಕದ ಮಣ್ಣಿನಲ್ಲೇ ನಡೆಯುತ್ತಿದ್ದೆ. ಶಾಲೆಯಲ್ಲಿ ಬಸವನಗುಡಿಯ ಕಡೆಯ ಆಫೀಸರ ಮಕ್ಕಳು ಜಾಸ್ತಿ. ಹಳ್ಳಿಯಿಂದ ಬರುತ್ತಿದ್ದವರು ನಾವು ಮೂರೇ ಜನ.

ನಮ್ಮ ಹೆಡ್‌ಮಿಸ್ಟ್ರೆಸ್ ಮೊದಲ ದಿನವೇ ಪಟ್ಟಿ ಹಿಡಿದು ಹೆಸರಿನ ಮುಂದೆ ವಿಷಯ ಬರೆದುಬಿಟ್ಟಿದ್ದರು. ಆಫೀಸರ ಮಕ್ಕಳಲ್ಲಿ ಕೆಲವರಿಗೆ ಐಚ್ಛಿಕ ಗಣಿತ. ಹಳ್ಳಿಯ ಮೂವರಿಗೂ ಗೃಹವಿಜ್ಞಾನ. ಕೇಳುವ ಗೋಜೇ ಇಲ್ಲ. ಗಣಿತದ ಟೀಚರಿಗೆ ಅದು ಹಿಡಿಸಲಿಲ್ಲ. ಅವರು ಸಣ್ಣಗೆ, ಎತ್ತರಕ್ಕೆ ಇದ್ದ ಹೆಂಗಸು, ಕೈಮಗ್ಗದ ಸೀರೆಯ ತುಂಬ ಸೀಮೆಸುಣ್ಣ. ಹೆಡ್‌ಮಿಸ್ಟ್ರೆಸ್ ಜೊತೆ ವಾದ ಮಾಡಿ ಒಂದು ಏರ್ಪಾಡು ಮಾಡಿಕೊಂಡಿದ್ದರು. ಮೊದಲ ಒಂದು ತಿಂಗಳು ಯಾವ ಹುಡುಗಿ ಬೇಕಾದರೂ ಅವರ ಕ್ಲಾಸಿನಲ್ಲಿ ಕೂರಬಹುದು. ತಿಂಗಳ ಕೊನೆಗೆ ಮನೆಯವರು ಬಂದು ಫಾರಂಗೆ ಸಹಿ ಹಾಕಿದರೆ ಮುಂದುವರಿಯಬಹುದು, ಇಲ್ಲದಿದ್ದರೆ ಹೆಡ್‌ಮಿಸ್ಟ್ರೆಸ್ ಬರೆದದ್ದೇ ಅಂತಿಮ. ಹಳ್ಳಿಯ ಮೂವರಲ್ಲಿ ಕೂತವಳು ನಾನೊಬ್ಬಳೇ. ಕೂತವರಿಗೆಲ್ಲ ಅದು ಸೇರಿತೆಂದು ಸುಳ್ಳು ಹೇಳುವುದಿಲ್ಲ. ನನ್ನ ಬೆಂಚಿನ ಹುಡುಗಿ ಎರಡನೇ ವಾರಕ್ಕೇ ಅತ್ತು, ಕಸೂತಿಗೆ ಹೋಗಿ ಸುಖವಾಗಿದ್ದಳು. ನನಗೆ ಮಾತ್ರ ಅದು ನಾಲಿಗೆಗೆ ಹತ್ತಿದ ಹುಣಸೆಹಣ್ಣಿನ ಹಾಗೆ ಆಗಿಹೋಯಿತು.

ಮನೆಯಲ್ಲಿ ಫಾರಂನ ಮಾತು ತೆಗೆದೆ. ಅಪ್ಪ ಎತ್ತಿನ ಮೈ ತೊಳೆಯುತ್ತಿದ್ದವನು ತಿರುಗಿಯೂ ನೋಡಲಿಲ್ಲ.

"ಲೆಕ್ಕ ಕಲಿಯಕ್ಕೆ ಜಯನಗರಕ್ಕೆ ಹೋಗ್ಬೇಕಾ? ನನ್ ತಾವ ಕಲ್ತ್ಕೋ."

"ಇದು ಬೇರೆ ಲೆಕ್ಕ ಅಪ್ಪ."

"ಲೆಕ್ಕದಲ್ಲಿ ಬೇರೆ ಅಂತ ಇರಲ್ಲ. ಸರಿ, ತಪ್ಪು, ಎರಡೇ ಇರೋದು."

ಆದರೂ ಸಹಿ ಹಾಕುವುದಿಲ್ಲ ಎಂದೇನೂ ಅನ್ನಲಿಲ್ಲ. ತಿಂಗಳ ಕೊನೆಯ ಸೋಮವಾರ ಬರ್ತೀನಿ ಅಂದ. ನಾನು ದಿನ ಎಣಿಸತೊಡಗಿದೆ.

ಅಷ್ಟರಲ್ಲಿ ಹೊಸ ಬಡಾವಣೆಯ ನಕ್ಷೆಗಾಗಿ ಸರ್ವೆಯವರು ಊರಿಗೆ ಬಂದರು. ನಮ್ಮ ಮನೆಗೆ ನಾಲ್ಕು ಮನೆ ಆಚೆ ಇಬ್ಬರು ಅಣ್ಣತಮ್ಮಂದಿರಿದ್ದರು. ಕೆಲವು ವರ್ಷದ ಹಿಂದೆ ಅವರು ಪಾಲಾದಾಗ ಅಳೆದವನು ಅಪ್ಪನೇ. ದಾರಿಯ ಪಕ್ಕದ ನೇರವಾದ ಹೊಲ ಅಣ್ಣನಿಗೆ. ಹಳ್ಳದ ಪಕ್ಕದ, ಒಂದು ಕಡೆಗೆ ವಾಲಿಕೊಂಡಂತಿದ್ದ ಹೊಲ ತಮ್ಮನಿಗೆ. ಎರಡಕ್ಕೂ ಉದ್ದದ ಬದು ಎಂಟು ಹಗ್ಗ, ಗಿಡ್ಡ ಬದು ಐದು ಹಗ್ಗ. ಎಂಟೈದಲ ನಲವತ್ತು ಗುಂಟೆ, ಇಬ್ಬರಿಗೂ ಸರಿಸಮ ಎಂದು ಅಪ್ಪ ಹೇಳಿ, ಇಬ್ಬರೂ ಒಪ್ಪಿ, ಅಣ್ಣನ ಮನೆಯಲ್ಲಿ ಊಟವೂ ಆಗಿತ್ತು. ಈಗ ಸರ್ವೆಯವರು ಸರಪಳಿ ಎಳೆದು ಅಣ್ಣನದು ನಲವತ್ತು, ತಮ್ಮನದು ಮೂವತ್ತಾರು ಎಂದು ಬರೆದುಕೊಂಡು ಹೋದರು.

ನಾಲ್ಕು ಗುಂಟೆ ಎಲ್ಲಿ ಹೋಯಿತು? ತಮ್ಮನಾದವನು ಜಗಲಿಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಊಟ ಅಣ್ಣನ ಮನೇಲಿ ಆಗಿತ್ತಲ್ಲ, ನನ್ ಹೊಲಕ್ಕೆ ಬರೋಷ್ಟ್ರಲ್ಲಿ ಹಗ್ಗ ಕುಗ್ಗಿರ್ಬೇಕು."

ಆ ಮಾತು ನಮ್ಮ ಮನೆಗೆ ಬರಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಅಪ್ಪ ಹಗ್ಗ ತೆಗೆದುಕೊಂಡು ಹೋಗಿ ಗುಡಿಯ ಕಲ್ಲಿಗೆ ಹಿಡಿದು ತೋರಿಸಿದ, ಸರಿಯಾಗಿತ್ತು. ನಾಲ್ಕು ಬದುಗಳನ್ನೂ ಮತ್ತೆ ಅಳೆದು ತೋರಿಸಿದ. ಎಂಟು, ಐದು, ಎಂಟು, ಐದು. ಸರ್ವೆಯವರ ಸರಪಳಿಯಲ್ಲೇ ಮೋಸ ಎಂದ. ತಮ್ಮ ಒಪ್ಪಲಿಲ್ಲ. ಕೊನೆಗೆ ಊರಿನ ಹಿರಿಯರು ಭಾನುವಾರ ಬೆಳಗ್ಗೆ ಗುಡಿಯಲ್ಲಿ ಆಣೆ ಎಂದು ತೀರ್ಮಾನಿಸಿದರು. ನಮ್ಮಲ್ಲಿ ಆಣೆ ಎಂದರೆ ಹುಡುಗಾಟವಲ್ಲ. ತಣ್ಣೀರಿನಲ್ಲಿ ಮಿಂದು, ಒದ್ದೆ ಪಂಚೆಯಲ್ಲಿ ಬಂದು, ಊರಮ್ಮನ ಮುಂದೆ ಕರ್ಪೂರ ಹಚ್ಚಿ, ನನ್ನ ಅಳತೆ ಸರಿ ಎಂದು ಹೇಳಿ ಅದನ್ನು ಕೈಯಿಂದ ಆರಿಸಬೇಕು. ಸುಳ್ಳಾಡಿ ಆರಿಸಿದವನ ಮನೆ ದೀಪವೂ ಆರುತ್ತದೆಂಬ ನಂಬಿಕೆ. ಅಪ್ಪ ಒಂದು ಕ್ಷಣವೂ ಯೋಚಿಸದೆ ಆಗಲಿ ಅಂದ.

ಗುರುವಾರ ಕ್ಲಾಸಿನಲ್ಲಿ ಟೀಚರ್ ಬಿದಿರಿನ ಪಟ್ಟಿಗಳನ್ನು ತಂದಿದ್ದರು. ಮೂರು ಪಟ್ಟಿಗಳ ತುದಿಗೆ ಮೊಳೆ ಹೊಡೆದು ತ್ರಿಕೋನ ಮಾಡಿದರು. ಎಷ್ಟು ತಳ್ಳಿದರೂ ಅದು ಅಲುಗಲಿಲ್ಲ. ಆಮೇಲೆ ನಾಲ್ಕು ಪಟ್ಟಿಗಳದ್ದು ಮಾಡಿ ಒಂದು ಮೂಲೆಯನ್ನು ಮೆಲ್ಲಗೆ ತಳ್ಳಿದರು. ಚೌಕಟ್ಟು ವಾಲಿತು, ಇನ್ನೂ ತಳ್ಳಿದರೆ ಪೂರ್ತಿ ಮಲಗಿತು. "ಪಟ್ಟಿ ಅವೇ, ಉದ್ದ ಅಷ್ಟೇ. ಒಳಗಿನ ಜಾಗ ಎಲ್ಲಿ ಹೋಯ್ತು?" ಎಂದರು.

ನಾನು ಬೆಂಚು ಹಿಡಿದುಕೊಂಡೆ. ಎಂಟು, ಐದು, ಎಂಟು, ಐದು. ಹಳ್ಳದ ಪಕ್ಕದ ಹೊಲ ವಾಲಿಕೊಂಡಿದೆ. ಅಪ್ಪನ ಹಗ್ಗ ಸರಿ, ಗಂಟು ಸರಿ, ಗುಣಾಕಾರ ಸರಿ. ತಪ್ಪಿದ್ದದ್ದು ಲೆಕ್ಕ ಹಾಕುವ ರೀತಿಯಲ್ಲೇ. ಹೊಲ ಎಷ್ಟು ವಾಲಿದೆ ಎಂದು ಅದು ಕೇಳುವುದೇ ಇಲ್ಲ. ವಾಲಿದ ಹೊಲಗಳನ್ನೆಲ್ಲ ಅದು ಇರುವುದಕ್ಕಿಂತ ದೊಡ್ಡದು ಮಾಡಿ ಹೇಳುತ್ತದೆ, ಯಾವತ್ತೂ ಚಿಕ್ಕದು ಮಾಡುವುದಿಲ್ಲ. ಸಂಜೆ ಟೀಚರನ್ನು ನಿಲ್ಲಿಸಿ, ಹಾಗಾದರೆ ಇಂಥ ಹೊಲ ಅಳೆಯುವುದು ಹೇಗೆ ಎಂದು ಕೇಳಿದೆ. ಮೂಲೆಯಿಂದ ಎದುರು ಮೂಲೆಗೆ ಒಂದು ಅಡ್ಡಗೆರೆ ಎಳೆ, ಎರಡು ತ್ರಿಕೋನ ಆಗುತ್ತೆ, ತ್ರಿಕೋನ ವಾಲಲ್ಲ, ಎಂದು ಪೂರ್ತಿ ವಿಧಾನ ಹೇಳಿಕೊಟ್ಟರು.

ಇಲ್ಲಿ ನಾನು ನನ್ನ ಹೇಡಿತನ ಒಪ್ಪಿಕೊಳ್ಳಬೇಕು. ಶುಕ್ರವಾರವಿಡೀ ಬಾಯಿ ಬಿಡಲಿಲ್ಲ. ಅಪ್ಪನಿಗೆ ನಿನ್ನ ಲೆಕ್ಕ ತಪ್ಪು ಎಂದರೆ ಸೋಮವಾರ ಫಾರಂಗೆ ಸಹಿ ಬೀಳುವುದಿಲ್ಲ. ಸುಮ್ಮನಿದ್ದರೆ ಭಾನುವಾರ ಅಪ್ಪ ಊರಮ್ಮನ ಮುಂದೆ ಸುಳ್ಳು ಆಣೆ ಇಡುತ್ತಾನೆ, ಅದು ಸುಳ್ಳೆಂದು ಅವನಿಗೇ ಗೊತ್ತಿಲ್ಲದೆ. ಹದಿನಾಲ್ಕು ವರ್ಷದವಳು ನಾನು. ನನಗೆ ಗಣಿತ ಬೇಕಿತ್ತು. ನಾಚಿಕೆಯಾಗುವಷ್ಟು ಬೇಕಿತ್ತು.

ಶನಿವಾರ ಸಂಜೆ ತಡೆಯಲಾಗದೆ ಹೇಳಿದೆ. ಅಪ್ಪ ಪೂರ್ತಿ ಕೇಳಲೂ ಇಲ್ಲ.

"ಊರೋರು ಅಂದಿದ್ದು ಸಾಲ್ದು ಅಂತ ನೀನೂ ಸೇರ್ಕೊಂಡ್ಯಾ? ಒಂದ್ ತಿಂಗ್ಳು ಬೆಂಚ್ ಮೇಲೆ ಕೂತು ಬಂದು, ನಮ್ಮ ತಾತನ ಲೆಕ್ಕ ತಪ್ಪು ಅಂತೀಯಾ?"

"ಹಗ್ಗ ತಪ್ಪಲ್ಲ ಅಪ್ಪ..."

"ಸೋಮವಾರ ನಾನು ಬರಲ್ಲ. ನಿಮ್ ಹೆಡ್‌ಮಿಸ್ಟ್ರೆಸ್ ಬರ್ದಿರೋದನ್ನೇ ಓದ್ಕೋ."

ಹೋಯಿತು ಅಂದುಕೊಂಡೆ. ಅಳು ಬರಲಿಲ್ಲ, ಸಿಟ್ಟು ಬಂತು. ಸಹಿ ಹೇಗೂ ಹೋದ ಮೇಲೆ ಹೆದರುವುದಾದರೂ ಯಾತಕ್ಕೆ? ಭಾನುವಾರ ಬೆಳಗ್ಗೆ ಹಿತ್ತಲಿನ ಬಿದಿರು ಸೀಳಿ ನಾಲ್ಕು ಪಟ್ಟಿ ಮಾಡಿದೆ, ಎರಡು ಉದ್ದ, ಎರಡು ಗಿಡ್ಡ. ತುದಿಗಳನ್ನು ದಾರದಿಂದ ಬಿಗಿದೆ. ಸಾರಿಸಿದ ಅಂಗಳದಲ್ಲಿ ಚೌಕಟ್ಟನ್ನು ನೇರವಾಗಿಟ್ಟು, ಅದರೊಳಗೆ ಅಂಚಿನ ತನಕ ರಾಗಿ ಸುರಿದು ಕೈಯಿಂದ ಸವರಿದೆ. ಅಪ್ಪ ಮಿಂದು, ಒದ್ದೆ ಪಂಚೆಯಲ್ಲಿ, ಹೆಗಲ ಮೇಲೆ ಹಗ್ಗ ಹಾಕಿಕೊಂಡು ಹೊರಬಂದ. ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಇದು ಅಣ್ಣನ ಹೊಲ," ಎಂದೆ. ಮೂಲೆ ಹಿಡಿದು ಮೆಲ್ಲಗೆ ತಳ್ಳಿದೆ. ಚೌಕಟ್ಟು ವಾಲಿತು. ರಾಗಿ ಉಬ್ಬಿ, ಅಂಚಿನ ಮೇಲಿಂದ ಚೆಲ್ಲಿ ನೆಲಕ್ಕೆ ಬಿತ್ತು. "ಇದು ತಮ್ಮನ ಹೊಲ."

ಅಪ್ಪ ನಿಂತ. ಕುಕ್ಕರಗಾಲಲ್ಲಿ ಕೂತ. ಚೌಕಟ್ಟನ್ನು ತಾನೇ ನೇರ ಮಾಡಿದ, ಚೆಲ್ಲಿದ ರಾಗಿಯನ್ನು ಒಳಗೆ ಹಾಕಿದ, ಹಿಡಿಸಿತು. ಮತ್ತೆ ತಳ್ಳಿದ, ಚೆಲ್ಲಿತು. ಹೀಗೆ ಮೂರು ಸಲ ಮಾಡಿದ. ಪಟ್ಟಿಗಳ ಉದ್ದವನ್ನು ಗೇಣಿನಿಂದ ಅಳೆದು ನೋಡಿದ. ಅವನ ಪಂಚೆಯ ನೀರು ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು. ಎದ್ದು ಗುಡಿಯ ಕಡೆ ನಡೆದ. ಎರಡು ಹೆಜ್ಜೆ ಹೋಗಿ, ತಿರುಗದೆಯೇ, "ಬಾ" ಅಂದ.

ಗುಡಿಯ ಮುಂದೆ ಊರೆಲ್ಲ ಸೇರಿತ್ತು. ಪೂಜಾರಿ ಕರ್ಪೂರ ಹಚ್ಚಿ ತಟ್ಟೆ ಮುಂದೆ ಹಿಡಿದ. ಅಪ್ಪ ಕೈ ಮುಗಿದ, ಕೈ ಚಾಚಲಿಲ್ಲ.

"ಆಣೆ ಇಡಲ್ಲ," ಅಂದ.

ಗುಸುಗುಸು ಎದ್ದಿತು. ತಮ್ಮನಾದವನು ಏನೋ ಹೇಳಲು ಬಾಯಿ ತೆರೆದ. ಅಪ್ಪ ಅವನ ಕಡೆಗೇ ತಿರುಗಿದ. "ಕದ್ದಿಲ್ಲ ಕಣಪ್ಪ. ಅದಕ್ಕೆ ಬೇಕಾದ್ರೆ ಈಗ್ಲೇ ಆಣೆ ಇಡ್ತೀನಿ. ಆದ್ರೆ ನಿನ್ ಹೊಲ ಅಳ್ದಿದ್ದು ತಪ್ಪಾಗೈತೆ. ನನಗೆ ಅಷ್ಟೇ ಬರ್ತಿದ್ದಿದ್ದು. ಸರಿಯಾಗಿ ಅಳಿಯಕ್ಕೆ ನನ್ ಮಗಳಿಗೆ ಬತ್ತದೆ. ಬನ್ನಿ, ಎಲ್ರೂ ಬನ್ನಿ."

ಊರಿನ ಹಿರಿಯನೊಬ್ಬ ಹೆಣ್ಣುಮಗು ಹೊಲ ಅಳೆಯುವುದೇ ಎಂದು ಏನೋ ಗೊಣಗಿದ. "ಹಗ್ಗದ ಒಂದು ತುದಿ ನಾನೇ ಹಿಡೀತೀನಿ, ನಿನಗೇನು?" ಎಂದ ಅಪ್ಪ. ಅವತ್ತು ಹಳ್ಳದ ಪಕ್ಕದ ಹೊಲದಲ್ಲಿ ಅವನು ಒಂದು ಮೂಲೆಯಲ್ಲಿ ನಿಂತ, ನಾನು ಮೊಣಕಾಲೆತ್ತರದ ರಾಗಿಯ ನಡುವೆ ಎದುರು ಮೂಲೆಗೆ ಹಗ್ಗ ಎಳೆದುಕೊಂಡು ನಡೆದೆ. ಅಡ್ಡಗೆರೆ ಏಳು ಹಗ್ಗ ಆರು ಗಂಟು. ಆ ಗೆರೆಯಿಂದ ಉಳಿದ ಎರಡು ಮೂಲೆಗಳಿಗೆ ನೆಟ್ಟಗೆ ಅಳೆದರೆ ಎರಡು ಕಡೆಯೂ ನಾಲ್ಕು ಹಗ್ಗ ಹದಿನಾಲ್ಕು ಗಂಟು. ಗೆರೆಯನ್ನು ಆ ಅಳತೆಯಿಂದ ಗುಣಿಸಿ ಅರ್ಧ ಮಾಡಿದರೆ ಒಂದು ತ್ರಿಕೋನ, ಎರಡನ್ನೂ ಕೂಡಿಸಿದರೆ ಹೊಲ ಎಂದು ಹೇಳುತ್ತ ನಾನು ಮಣ್ಣಿನಲ್ಲಿ ಕಡ್ಡಿಯಿಂದ ಬರೆಯತೊಡಗಿದೆ. ಅಪ್ಪ ಎಂದಿನಂತೆ ಬಾಯಲ್ಲೇ ಮಾಡಿ ನನಗಿಂತ ಮೊದಲೇ ಹೇಳಿದ: "ಮೂವತ್ತಾರಕ್ಕೆ ಒಂದ್ ಚೂರು ಕಮ್ಮಿ."

ಸರ್ವೆಯವರ ಲೆಕ್ಕವೂ ಅದೇ. ಅಣ್ಣ ಒಳ್ಳೆಯ ಮನುಷ್ಯ, ಅಲ್ಲೇ ಎರಡು ಗುಂಟೆಯ ಪಟ್ಟಿ ಬಿಟ್ಟುಕೊಡುತ್ತೇನೆಂದ. ತಮ್ಮನಾದವನು ನಮ್ಮಪ್ಪನ ಮುಖ ನೋಡಲಾರದೆ ಹಗ್ಗ ಸುತ್ತಿ ಕೊಟ್ಟ. ಮನೆಗೆ ಬರುವಾಗ ಅಪ್ಪ ಹಗ್ಗವನ್ನು ನನ್ನ ಹೆಗಲಿಗೆ ಹಾಕಿದ. ಅದು ಎಷ್ಟು ಭಾರವೆಂದು ನನಗೆ ಗೊತ್ತೇ ಇರಲಿಲ್ಲ. ನಮ್ಮನ್ನು ಕಂಡು ಅವ್ವ ಬಾಗಿಲಿಗೆ ಬಂದಳು. ಅವತ್ತು ಅವಳು ನೋಡಿದ್ದು ನನ್ನನ್ನು. ಇವತ್ತಿಗೂ ಅದನ್ನು ನೆನೆದರೆ ನನ್ನ ಬೆನ್ನು ನೆಟ್ಟಗಾಗುತ್ತದೆ.

ಮುಂದಿನ ಬೇಸಿಗೆಯಲ್ಲಿ ಅಪ್ಪ ತಾನು ಅಳೆದಿದ್ದ ವಾಲಿದ ಹೊಲಗಳನ್ನೆಲ್ಲ ನೆನಪಿನಿಂದ ಹೇಳಿದ, ಹದಿಮೂರು ಬಂದವು. ಒಬ್ಬೊಬ್ಬರ ಮನೆಗೂ ತಾನಾಗಿ ಹೋಗಿ, ನಿಮ್ಮ ಹೊಲ ನಾನು ತಪ್ಪಾಗಿ ಅಳೆದಿದ್ದೆ, ಮತ್ತೆ ಅಳೆದುಕೊಡುತ್ತೇನೆ ಅಂದ. ಯಾರೂ ಕೇಳಿರಲಿಲ್ಲ. ಇಬ್ಬರು ಬೈದು ಕಳಿಸಿದರು. ಉಳಿದವರ ಹೊಲಗಳಲ್ಲಿ ನಾವಿಬ್ಬರೂ ಹಗ್ಗ ಹಿಡಿದೆವು. ದೊಡ್ಡ ದೊಡ್ಡ ಪದವಿಯವರನ್ನು ಆಮೇಲೆ ನೋಡಿದ್ದೇನೆ, ತಪ್ಪಾಯಿತು ಎನ್ನಲು ಒದ್ದಾಡಿದವರನ್ನು ನೋಡಿದ್ದೇನೆ. ನಮ್ಮಪ್ಪ ಅವರೆಲ್ಲರಿಗಿಂತ ದೊಡ್ಡವನು ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಸೋಮವಾರದ ಮಾತು ಬಾಕಿ ಉಳಿಯಿತು. ಬರಲ್ಲ ಎಂದಿದ್ದವನು ಅವತ್ತು ನನಗಿಂತ ಮೊದಲೇ ಎದ್ದು, ಒಗೆದ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ ರಸ್ತೆಯಲ್ಲಿ ನಿಂತಿದ್ದ. ಟಾರು ರಸ್ತೆ ಬಂದಾಗ ಇಬ್ಬರೂ ಪಕ್ಕದ ಮಣ್ಣಿಗಿಳಿದು ನಡೆದೆವು. ಹೆಡ್‌ಮಿಸ್ಟ್ರೆಸ್ ಕುರ್ಚಿ ತೋರಿಸಿದರು, ಅಪ್ಪ ಕೂರಲಿಲ್ಲ. ಅವರು ಕೆಟ್ಟವರಲ್ಲ. ನಿಜವಾಗಿ ನನ್ನ ಒಳ್ಳೆಯದಕ್ಕೇ ಎಂದುಕೊಂಡು ಕೇಳಿದರು: "ಬೇಸಾಯದ ಮನೆ ಹುಡುಗಿ. ನಾಳೆ ಮದುವೆ ಆಗಿ ಹೋಗೋಳು. ಇವಳಿಗೆ ಈ ಗಣಿತ ಯಾಕೆ ಬೇಕಪ್ಪಾ?"

"ನನಗೂ ಬೇಡ ಅಂತ ಯಾರೋ ಅಂದ್ಕೊಂಡಿದ್ರು ಅಮ್ಮಾವ್ರೆ," ಎಂದ ಅಪ್ಪ. "ಮೂವತ್ ವರ್ಷ ಊರಿನ ಹೊಲ ತಪ್ಪಾಗಿ ಅಳ್ದೆ."

ಹೆಡ್‌ಮಿಸ್ಟ್ರೆಸ್ ಪೆನ್ನು ಕೊಟ್ಟರು. ಅಪ್ಪ ಮೇಜಿಗೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದ. ಪೆನ್ನು ವಾಪಸು ಕೊಡುತ್ತ, "ಎಲ್ಲಾ ಹುಡುಗೀರ್ಗೂ ಇದನ್ನ ಹೇಳ್ಕೊಡ್ತೀರಾ?" ಎಂದು ಕೇಳಿದ.

"ಬೇಕು ಅಂತ ಕೇಳ್ದೋರಿಗೆ ಹೇಳ್ಕೊಡ್ತೀವಿ."

ಅಪ್ಪ ವಾದ ಮಾಡುವ ದನಿಯಲ್ಲಿ ಅಲ್ಲ, ತಿಳಿದುಕೊಳ್ಳುವ ದನಿಯಲ್ಲೇ ಕೇಳಿದ: "ಇಂಥದ್ದೊಂದು ಐತೆ ಅಂತಲೇ ಗೊತ್ತಿಲ್ದಿದ್ರೆ, ಬೇಕು ಅಂತ ಹೆಂಗೆ ಕೇಳ್ತಾರೆ?"

ಹೆಡ್‌ಮಿಸ್ಟ್ರೆಸ್ ಫಾರಂ ಎತ್ತಿ ಫೈಲಿಗೆ ಹಾಕಿಕೊಂಡರು. ಹತ್ತು ವರ್ಷದ ಮೇಲೆ ಅದೇ ರೂಮಿನಲ್ಲಿ, ತ್ರಿಕೋನ ಬೇಯಿಸುವ ಮಾತಿಗೆ ಎಲ್ಲರೂ ನಗುತ್ತಿದ್ದಾಗ, ನಾನು ಎದ್ದು ನಿಂತು ಕೇಳಿದ್ದು ಇದನ್ನೇ. ಆ ವರ್ಷದಿಂದ ನಮ್ಮ ಶಾಲೆಯಲ್ಲಿ ದಸರಾ ರಜದ ತನಕ ಎಲ್ಲ ಹುಡುಗಿಯರೂ ಆ ಕ್ಲಾಸಿನಲ್ಲಿ ಕೂರಬೇಕೆಂದಾಯಿತು. ಬಿಡುವವರು ಆಮೇಲೆ ಬಿಡಬಹುದು. ಮೊದಲ ದಿನ ನಾನು ನಾಲ್ಕು ಬಿದಿರಿನ ಪಟ್ಟಿ ಮತ್ತು ಒಂದು ಸೇರು ರಾಗಿ ತೆಗೆದುಕೊಂಡು ಹೋದೆ. ರಾಗಿಯನ್ನು ಅಪ್ಪನೇ ಅಳೆದು ಕೊಟ್ಟಿದ್ದ.